ಈ ನಿಯಮಕ್ಕೆ ಅಧಿಕಾರ ಕೊಟ್ಟವರು ಯಾರು? ಕಾಮರ್ಸ್ ವಿದ್ಯಾರ್ಥಿಗಳಿಗೆ ಕಾನೂನಿನ ಮೂಲಗಳು

2025ರ ಸೆಪ್ಟೆಂಬರ್ 22ರಂದು ಟೂತ್‌ಪೇಸ್ಟ್, ಶಾಂಪೂ, ಸೋಪಿನ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿಯಿತು. ಎಸಿ ಶೇ. 28ರಿಂದ 18ಕ್ಕೆ ಬಂತು. ಕೋಲಾದಂಥ ಸಿಹಿ ತಂಪು ಪಾನೀಯಗಳಿಗೆ ಶೇ. 40 ಬಿತ್ತು. ಬೀದಿ ಮೂಲೆಯ ಕಿರಾಣಿ ಅಂಗಡಿಯಿಂದ ದೊಡ್ಡ ಮಾಲ್‌ವರೆಗೆ ಎಲ್ಲರ ಬಿಲ್ಲೂ ಬದಲಾಯಿತು. ಆದರೆ ಆಗ ಸಂಸತ್ತು ಸೇರಿರಲಿಲ್ಲ. ಈ ದರಗಳಿಗಾಗಿ ಒಂದು ಮಸೂದೆಯೂ ಮಂಡನೆ ಆಗಿರಲಿಲ್ಲ, ಯಾರೂ ಮತ ಹಾಕಿರಲಿಲ್ಲ. ಹಾಗಾದರೆ ದರ ಬದಲಿಸಿದ್ದು ಯಾರು? ಅವರಿಗೆ ಆ ಅಧಿಕಾರ ಬಂದಿದ್ದು ಎಲ್ಲಿಂದ?

ಬಿ.ಕಾಂ, ಬಿಬಿಎ ಓದುವವರ ಬಿಸಿನೆಸ್ ಲಾ ಪುಸ್ತಕದಲ್ಲಿ ಸಾಮಾನ್ಯವಾಗಿ ಮೊದಲಿಗೇ ಬರುವ ಪಾಠ ‘ಕಾನೂನಿನ ಮೂಲಗಳು’. ಬಹಳಷ್ಟು ಮಂದಿ ಅಲ್ಲಿನ ಪಟ್ಟಿಯನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಬದುಕಿಗೆ ಅತಿ ಹೆಚ್ಚು ಬೇಕಾಗುವ ಪಾಠ ಅದೇ. ಸೆಕ್ಷನ್ ನಂಬರ್ ಮರೆತರೆ ಫೋನಿನಲ್ಲಿ ಹುಡುಕಬಹುದು. ಕೈಗೆ ಬಂದ ಒಂದು ನೋಟಿಸು, ಒಂದು ಸುತ್ತೋಲೆ, ಒಂದು ಬಾಂಡ್ ಎಷ್ಟು ಬಲದ್ದು ಎಂದು ತೂಗಿ ನೋಡುವುದನ್ನು ಮಾತ್ರ ಕಲಿತೇ ತಿಳಿಯಬೇಕು.

ಟೂತ್‌ಪೇಸ್ಟಿನ ದಾರಿಯನ್ನೇ ಹಿಂದಕ್ಕೆ ಹಿಡಿದುಕೊಂಡು ಹೋಗೋಣ. ಬಿಲ್ಲಿನಲ್ಲಿರುವ ಶೇ. 5ರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಈ ದರ ಬಂದಿದ್ದು ಸರ್ಕಾರದ ಅಧಿಸೂಚನೆಯಿಂದ. ಅಧಿಸೂಚನೆ ಹೊರಡಿಸುವ ಅಧಿಕಾರ ಬಂದಿದ್ದು 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 9ನೇ ಸೆಕ್ಷನ್‌ನಿಂದ. ರಾಜ್ಯದ ಪಾಲಿಗೆ ಕರ್ನಾಟಕ ಜಿಎಸ್‌ಟಿ ಕಾಯ್ದೆ ಬೇರೆಯೇ ಇದೆ. ಆ ಕಾಯ್ದೆಗಳನ್ನು ಮಾಡುವ ಅಧಿಕಾರ ಕೊಟ್ಟಿದ್ದು ಸಂವಿಧಾನದ 246ಎ ವಿಧಿ. ಅದನ್ನು ಸೇರಿಸಿದ್ದು 2016ರ 101ನೇ ತಿದ್ದುಪಡಿ. ಎಲ್ಲಕ್ಕೂ ಮೇಲೆ 265ನೇ ವಿಧಿ ನಿಂತಿದೆ. ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತೆಯೂ ಇಲ್ಲ ಎನ್ನುತ್ತದೆ ಅದು.

ಇದೊಂದು ಸರಪಳಿ. ಮೇಲಿನ ಕೊಂಡಿ ಕಳಚಿದರೆ ಕೆಳಗಿನದ್ದೆಲ್ಲ ಬಿದ್ದುಹೋಗುತ್ತದೆ. ಪ್ರತಿ ಕೊಂಡಿಗೂ ಒಂದು ಮಿತಿ ಇದೆ. 9ನೇ ಸೆಕ್ಷನ್ ಸರ್ಕಾರದ ಕೈಗೆ ಅಧಿಕಾರ ಕೊಟ್ಟರೂ ಕೇಂದ್ರದ ಪಾಲು ಶೇ. 20 ಮೀರಬಾರದು ಎಂದು ಕಟ್ಟಿಹಾಕಿದೆ. ರಾಜ್ಯದ ಪಾಲಿಗೂ ಅಷ್ಟೇ. ಕೋಲಾದ ಶೇ. 40 ಅಂದರೆ 20 ಮತ್ತು 20. ಮಿತಿಯ ಕೊನೇ ಅಂಚು. ಅದಕ್ಕಿಂತ ಮೇಲೆ ಹೋಗಬೇಕಾದರೆ ಅಧಿಸೂಚನೆ ಸಾಲದು, ಕಾಯ್ದೆಯನ್ನೇ ತಿದ್ದಬೇಕು.

ಇಲ್ಲಿ ಕೇಂದ್ರ ಮತ್ತು ರಾಜ್ಯಗಳ ಮಂತ್ರಿಗಳು ಕೂರುವ ಜಿಎಸ್‌ಟಿ ಕೌನ್ಸಿಲ್ ಎಲ್ಲಿ ಹೋಯಿತು ಎಂದು ಕೇಳಬಹುದು. ಸೆಪ್ಟೆಂಬರ್ 3ರಂದು ಕೌನ್ಸಿಲ್ ಸಭೆ ಸೇರಿ ಹೊಸ ದರಗಳನ್ನು ಹೇಳಿತ್ತು. ಟಿವಿಯಲ್ಲಿ ‘ಕೌನ್ಸಿಲ್ ತೆರಿಗೆ ಇಳಿಸಿತು’ ಎಂದೇ ಸುದ್ದಿ ಬಂತು. ಆದರೆ ಕೌನ್ಸಿಲ್ ಶಿಫಾರಸು ಮಾತ್ರ ಮಾಡುತ್ತದೆ. ಆ ಶಿಫಾರಸು ಸಂಸತ್ತನ್ನಾಗಲಿ ವಿಧಾನಸಭೆಗಳನ್ನಾಗಲಿ ಕಟ್ಟಿಹಾಕುವುದಿಲ್ಲ ಎಂದು 2022ರಲ್ಲಿ ಮೋಹಿತ್ ಮಿನರಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸುದ್ದಿಗೂ ಕಾನೂನಿಗೂ ಇಷ್ಟು ಅಂತರ ಇರುತ್ತದೆ. ಸೆಪ್ಟೆಂಬರ್ 3ರ ಸುದ್ದಿ ನೋಡಿ ಮರುದಿನವೇ ಹಳೇ ದರ ಬಿಟ್ಟು ಬಿಲ್ ಮಾಡಿದ್ದರೆ ಅದು ತಪ್ಪಾಗುತ್ತಿತ್ತು.

ಕೊಟ್ಟ ಮಾತೆಲ್ಲ ಕಾನೂನಲ್ಲ

ಮೇಲಕ್ಕೆ ಹತ್ತುವ ಮೊದಲು ಒಂದೆರಡು ತಳಹದಿಯ ವಿಷಯ ನೋಡೋಣ. ಸಮಾಜದಲ್ಲಿ ನೂರೆಂಟು ಕಟ್ಟಳೆಗಳಿವೆ. ಅವುಗಳಲ್ಲಿ ಯಾವುದನ್ನು ಮುರಿದರೆ ಸರ್ಕಾರದ ಬಲ ಹಿಂದೆ ಬರುತ್ತದೋ ಅದು ಕಾನೂನು. ಸ್ನೇಹಿತನಿಗೆ ಊಟ ಕೊಡಿಸುತ್ತೇನೆ ಎಂದು ಹೇಳಿ ಕೊಡಿಸದಿದ್ದರೆ ಕೋರ್ಟು ಕೇಳುವುದಿಲ್ಲ. ಸರಕು ಕಳಿಸುತ್ತೇನೆ ಎಂದು ಮುಂಗಡ ತೆಗೆದುಕೊಂಡು ಕಳಿಸದಿದ್ದರೆ ಕೇಳುತ್ತದೆ.

ನೈತಿಕತೆ ಮತ್ತು ಕಾನೂನಿನ ಗೆರೆ ಎಲ್ಲಿದೆ ಎಂದು ತಿಳಿಯಲು ಸಾಲದ ಉದಾಹರಣೆ ಚೆನ್ನಾಗಿದೆ. ಕೈಸಾಲ ವಸೂಲಿಗೆ 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹಾಕಬೇಕು. 3 ವರ್ಷ ದಾಟಿದರೆ ಕೋರ್ಟಿನ ಬಾಗಿಲು ಮುಚ್ಚುತ್ತದೆ. ಸಾಲ ಮಾತ್ರ ಸುಳ್ಳಾಗುವುದಿಲ್ಲ. ಸಾಲಗಾರ ತಾನಾಗಿಯೇ ತೀರಿಸಿದರೆ ಅದು ಸರಿಯಾದ ಪಾವತಿಯೇ. ಇನ್ನೂ ಮುಂದೆ ಹೋಗಿ, ಅವಧಿ ಮೀರಿದ ಆ ಸಾಲ ತೀರಿಸುತ್ತೇನೆ ಎಂದು ಅವನು ಬರೆದು ಸಹಿ ಹಾಕಿ ಕೊಟ್ಟರೆ, 1872ರ ಭಾರತೀಯ ಕರಾರು ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಆ ಮಾತಿಗೆ ಮತ್ತೆ ಕಾನೂನಿನ ಬಲ ಬರುತ್ತದೆ. ಬಾಯಿಮಾತಿನಲ್ಲಿ ಹೇಳಿದರೆ ಬರುವುದಿಲ್ಲ. ಹಳೇ ಬಾಕಿ ಇರುವ ಗಿರಾಕಿಗಳ ಲೆಕ್ಕ ಇಡುವ ಪ್ರತಿಯೊಬ್ಬ ವ್ಯಾಪಾರಿಗೂ ಈ ವಿಷಯ ಗೊತ್ತಿರಬೇಕು.

ಇನ್ನೊಂದು ವಿಭಜನೆ ಸಿವಿಲ್ ಮತ್ತು ಕ್ರಿಮಿನಲ್. ಸಿವಿಲ್‌ನಲ್ಲಿ ನನಗಾದ ನಷ್ಟ ತುಂಬಿಕೊಡು ಎಂಬ ಬೇಡಿಕೆ. ಕ್ರಿಮಿನಲ್‌ನಲ್ಲಿ ಶಿಕ್ಷೆಯ ಮಾತು. ವ್ಯಾಪಾರದಲ್ಲಿ ಇವೆರಡೂ ಸೇರುವ ಜಾಗ ಚೆಕ್ ಬೌನ್ಸ್. ಹಣ ಬಾಕಿ ಉಳಿಸಿಕೊಳ್ಳುವುದು ಮೂಲತಃ ಸಿವಿಲ್ ವಿಷಯ. ಆದರೆ ಚೆಕ್ಕಿನ ಮೇಲಿನ ನಂಬಿಕೆ ಉಳಿಯಬೇಕೆಂದು, ಚೆಕ್‌ನಂಥ ಹಣದ ಪತ್ರಗಳಿಗೆ ಸಂಬಂಧಿಸಿದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 138ನೇ ಸೆಕ್ಷನ್ ಸೇರಿಸಿದರು. ಅದು 1989ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2 ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಹಂತಗಳು ಗಟ್ಟಿ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ ಮೇಲೆ ಹಣ ಕಟ್ಟಲು 15 ದಿನ ಬಿಡಬೇಕು. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣವಿದ್ದರೆ ತಡವನ್ನು ಕೋರ್ಟು ಮನ್ನಿಸಬಹುದು. ಅದನ್ನು ನಂಬಿ ಕೂರುವುದು ಜಾಣತನ ಅಲ್ಲ. ನ್ಯಾಯ ತಮ್ಮ ಕಡೆ ಇದ್ದೂ ದಿನಾಂಕ ತಪ್ಪಿಸಿಕೊಂಡವರ ಕಷ್ಟ ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ.

‘ವ್ಯಕ್ತಿ’ ಎಂಬ ಪರಿಕಲ್ಪನೆಯೂ ಬೇಕು. ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ವ್ಯಕ್ತಿ. 1897ರಲ್ಲಿ ಇಂಗ್ಲೆಂಡಿನ ಸಾಲೊಮನ್ ಪ್ರಕರಣ ಇದನ್ನು ಗಟ್ಟಿ ಮಾಡಿತು. ಬೂಟು ತಯಾರಿಸುತ್ತಿದ್ದ ಸಾಲೊಮನ್ ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. ಹೆಂಡತಿ, ಮಕ್ಕಳಿಗೆ ಒಂದೊಂದು ಷೇರು, ಉಳಿದದ್ದೆಲ್ಲ ಅವನದ್ದೇ. ಕಂಪನಿ ಮುಳುಗಿದಾಗ ಅದರ ಸಾಲಕ್ಕೆ ಸಾಲೊಮನ್ ಹೊಣೆಯಲ್ಲ ಎಂದು ತೀರ್ಪು ಬಂತು. ನಮ್ಮ ಪಾಲುದಾರಿಕೆ ಸಂಸ್ಥೆಗೆ ಈ ರಕ್ಷಣೆ ಇಲ್ಲ. 1932ರ ಕಾಯ್ದೆಯಡಿ ಪಾಲುದಾರರ ಸ್ವಂತ ಆಸ್ತಿಗೂ ಸಾಲದ ಹೊಣೆ ತಟ್ಟುತ್ತದೆ. ಗೆಳೆಯರು ಸೇರಿ ವ್ಯಾಪಾರ ಶುರು ಮಾಡುವಾಗ ಹೆಸರು, ಲೋಗೊ ಬಗ್ಗೆ ವಾರಗಟ್ಟಲೆ ಮಾತಾಡುತ್ತಾರೆ. ಎಲ್‌ಎಲ್‌ಪಿ (ಪಾಲುದಾರರ ಹೊಣೆಗೆ ಮಿತಿ ಇರುವ ಸಂಸ್ಥೆ) ಬೇಕಾ, ಕಂಪನಿ ಬೇಕಾ, ಪಾಲುದಾರಿಕೆ ಸಾಕಾ ಎಂಬ ಮಾತು ಅದಕ್ಕಿಂತ ಮೊದಲು ಬರಬೇಕು.

ಸಂವಿಧಾನ: ಕೊನೆಯ ತಕ್ಕಡಿ

ಸಂವಿಧಾನ ಅಂದರೆ ಚುನಾವಣೆ, ಮೀಸಲಾತಿ, ವಾಕ್ ಸ್ವಾತಂತ್ರ್ಯ ಎಂದುಕೊಂಡು ಕಾಮರ್ಸ್‌ನವರು ಅದನ್ನು ದೂರ ಇಡುತ್ತಾರೆ. ಆದರೆ ವ್ಯಾಪಾರ ಮಾಡುವ ಹಕ್ಕು ಇರುವುದೇ ಅಲ್ಲಿ, 19(1)(ಜಿ) ವಿಧಿಯಲ್ಲಿ. ಸಾರ್ವಜನಿಕ ಹಿತಕ್ಕಾಗಿ ಆ ಹಕ್ಕಿನ ಮೇಲೆ ಸರ್ಕಾರ ಸಮಂಜಸವಾದ ನಿರ್ಬಂಧ ಹಾಕಬಹುದು. ಯಾವುದು ಸಮಂಜಸ ಎಂಬುದೇ ಎಲ್ಲ ಜಗಳದ ಮೂಲ.

ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಅಷ್ಟರ ಮಟ್ಟಿಗೆ ನಿಲ್ಲುವುದಿಲ್ಲ ಎನ್ನುತ್ತದೆ 13ನೇ ವಿಧಿ. ಅಲ್ಲಿ ‘ಕಾನೂನು’ ಅಂದರೆ ಕಾಯ್ದೆ ಮಾತ್ರ ಅಲ್ಲ. ಸುಗ್ರೀವಾಜ್ಞೆ, ಆದೇಶ, ಬೈಲಾ, ನಿಯಮ, ಅಧಿಸೂಚನೆ, ಕಾನೂನಿನ ಬಲ ಪಡೆದ ರೂಢಿ ಎಲ್ಲವೂ ಸೇರುತ್ತವೆ. ಹೀಗಾಗಿ ವ್ಯಾಪಾರಿಯ ಕೈಗೆ ಬರುವ ಸರ್ಕಾರಿ ಕಾಗದಗಳಲ್ಲಿ ಬಹುಪಾಲು ಈ ತಕ್ಕಡಿಗೆ ಬರುತ್ತವೆ.

2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಸೇವೆ ಕೊಡಬಾರದು ಎಂದಿತು. ಕ್ರಿಪ್ಟೊವನ್ನು ಯಾವ ಕಾಯ್ದೆಯೂ ನಿಷೇಧಿಸಿರಲಿಲ್ಲ. ಆದರೂ ಬ್ಯಾಂಕ್ ಖಾತೆ ಇಲ್ಲದೆ ಕ್ರಿಪ್ಟೊ ಕೊಡುಕೊಳ್ಳುವ ಎಕ್ಸ್‌ಚೇಂಜ್ ನಡೆಸುವುದು ಹೇಗೆ? ಉಸಿರು ಕಟ್ಟಿದ ಹಾಗಾಯಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಈ ತೀರ್ಪಿನ ಸೊಗಸು ಅದರ ಹದದಲ್ಲಿದೆ. ರಿಸರ್ವ್ ಬ್ಯಾಂಕಿಗೆ ಈ ವಿಷಯದಲ್ಲಿ ಅಧಿಕಾರ ಇದೆ ಎಂದೇ ಕೋರ್ಟು ಒಪ್ಪಿತು. ಆದರೆ ತನ್ನ ನಿಯಂತ್ರಣದಲ್ಲಿರುವ ಬ್ಯಾಂಕುಗಳಿಗೆ ಕ್ರಿಪ್ಟೊದಿಂದ ಆದ ಹಾನಿಯನ್ನು ಅದು ತೋರಿಸಲಿಲ್ಲ. ಹಾನಿ ತೋರಿಸದೆ ಇಷ್ಟು ಕಠಿಣ ಕ್ರಮ ಅಳತೆ ಮೀರಿದ್ದು ಎಂದಿತು. ಅಧಿಕಾರ ಇದೆಯೇ ಎಂಬುದು ಒಂದು ಪ್ರಶ್ನೆ. ಅದನ್ನು ಅಳತೆ ಮೀರದೆ ಬಳಸಿದರೇ ಎಂಬುದು ಬೇರೆಯೇ ಪ್ರಶ್ನೆ.

ಸಂವಿಧಾನವನ್ನೇ ತಿದ್ದಿಬಿಟ್ಟರೆ? ಅದಕ್ಕೂ ಮಿತಿ ಇದೆ. ಆ ಮಿತಿ ತೋರಿಸಿದ ಪ್ರಕರಣದ ಹೆಸರು ಕನ್ನಡಿಗರಿಗೆ ತೀರ ಹತ್ತಿರದ್ದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ, ಮಠದ ಆಸ್ತಿಗಾಗಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಅಂತರದಲ್ಲಿ ಹೇಳಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಆಸ್ತಿಯ ತಕರಾರಿನಿಂದ ಶುರುವಾದ ಕೇಸು ದೇಶದ ಸಂವಿಧಾನಕ್ಕೇ ಕಾವಲಾಯಿತು.

ಕಾಯ್ದೆ ಯಾರು ಮಾಡಬಹುದು

ಸಂವಿಧಾನದ 7ನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಬ್ಯಾಂಕಿಂಗ್, ಕಂಪನಿಗಳು ಕೇಂದ್ರದ ಪಟ್ಟಿಯಲ್ಲಿವೆ. ಪೊಲೀಸ್, ಜೂಜು ರಾಜ್ಯದ ಪಟ್ಟಿಯಲ್ಲಿವೆ. ಕರಾರು, ಕಾರ್ಮಿಕರ ವಿಷಯಗಳು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ಸಮವರ್ತಿ ಪಟ್ಟಿಯಲ್ಲಿ ಎರಡು ಕಾನೂನು ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಕೇಂದ್ರದ್ದು ಗೆಲ್ಲುತ್ತದೆ. ರಾಜ್ಯದ ಕಾನೂನಿಗೆ ರಾಷ್ಟ್ರಪತಿಗಳ ಒಪ್ಪಿಗೆ ಇದ್ದರೆ ಆ ರಾಜ್ಯದ ಮಟ್ಟಿಗೆ ಅದು ಉಳಿಯುತ್ತದೆ. ಆಮೇಲೂ ಸಂಸತ್ತು ಮನಸ್ಸು ಮಾಡಿದರೆ ಹೊಸ ಕಾನೂನು ತಂದು ಅದನ್ನು ಬದಲಿಸಬಹುದು.

ಪಟ್ಟಿ ಓದುವಾಗ ಒಣ ಅನ್ನಿಸುತ್ತದೆ. ಕರ್ನಾಟಕದ ಆನ್‌ಲೈನ್ ಗೇಮಿಂಗ್ ಕಥೆ ನೋಡಿದರೆ ಜೀವ ಬರುತ್ತದೆ. 2021ರಲ್ಲಿ ರಾಜ್ಯ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಜೂಜು ರಾಜ್ಯದ ವಿಷಯ ಅಲ್ವಾ, ಅದೇ ಆಧಾರ. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಕೌಶಲದ ಆಟ ಜೂಜಲ್ಲ, ಅದು 19(1)(ಜಿ) ರಕ್ಷಣೆ ಇರುವ ವ್ಯಾಪಾರ ಎಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ತಾನೇ ಕಾಯ್ದೆ ಮಾಡಿ ಹಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಅದನ್ನೂ ಕೋರ್ಟಿನಲ್ಲಿ ಪ್ರಶ್ನಿಸಿದರು. ಬೆಂಗಳೂರಿನ ಎಷ್ಟೋ ಸ್ಟಾರ್ಟಪ್‌ಗಳ ಹಣೆಬರಹ ನಾಲ್ಕೇ ವರ್ಷದಲ್ಲಿ ಹೀಗೆ ಮೇಲೆ ಕೆಳಗೆ ಆಯಿತು. ಹೂಡಿಕೆ ಮಾಡುವವರು ಬ್ಯಾಲೆನ್ಸ್ ಶೀಟ್ ಜೊತೆಗೆ 7ನೇ ಅನುಸೂಚಿಯನ್ನೂ ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಶಾಸಕಾಂಗ ಸೇರಿಲ್ಲದ ಹೊತ್ತಿನಲ್ಲಿ ತುರ್ತು ಬಂದರೆ ಸುಗ್ರೀವಾಜ್ಞೆ ಇದೆ. ಕೇಂದ್ರದಲ್ಲಿ ರಾಷ್ಟ್ರಪತಿ (123ನೇ ವಿಧಿ), ರಾಜ್ಯದಲ್ಲಿ ರಾಜ್ಯಪಾಲರು (213ನೇ ವಿಧಿ) ಹೊರಡಿಸುತ್ತಾರೆ. ಬಲದಲ್ಲಿ ಅದು ಕಾಯ್ದೆಗೆ ಸಮ. ಆಯಸ್ಸು ಮಾತ್ರ ಕಡಿಮೆ. ಸದನ ಮತ್ತೆ ಸೇರಿ 6 ವಾರದಲ್ಲಿ ಕಾಯ್ದೆಯಾಗದಿದ್ದರೆ ಬಿದ್ದುಹೋಗುತ್ತದೆ. ಅಂಗಡಿ ಬೋರ್ಡುಗಳಲ್ಲಿ ಶೇ. 60 ಕನ್ನಡ ಇರಬೇಕೆಂಬ ನಿಯಮ ನೆನಪಿದೆಯಲ್ಲ? 2024ರ ಜನವರಿಯಲ್ಲಿ ಸರ್ಕಾರ ಅದನ್ನು ಮೊದಲು ಸುಗ್ರೀವಾಜ್ಞೆಯಾಗಿ ತರಲು ಹೊರಟಿತು. ರಾಜ್ಯಪಾಲರು ಸದನದಲ್ಲೇ ತನ್ನಿ ಎಂದು ಅದನ್ನು ವಾಪಸ್ ಕಳಿಸಿದರು. ಫೆಬ್ರುವರಿ ಅಧಿವೇಶನದಲ್ಲಿ ಮಸೂದೆಯಾಗಿ ಮಂಡನೆಯಾಗಿ, ಎರಡೂ ಸದನಗಳಲ್ಲಿ ಪಾಸಾಗಿ, ಕಾಯ್ದೆಯಾಯಿತು. ಕನ್ನಡದ ಬೋರ್ಡು ಕನ್ನಡ ನಾಡಿನ ಸದನದಲ್ಲಿ ಚರ್ಚೆಯಾಗಿ ಬಂದಿದ್ದು ನನಗಂತೂ ಖುಷಿಯ ವಿಷಯ.

ನಾವು ಪಾಲಿಸುವ ಹಲವು ವಾಣಿಜ್ಯ ಕಾಯ್ದೆಗಳು ಬ್ರಿಟಿಷರ ಕಾಲದವು ಎಂಬುದೂ ತಿಳಿದಿರಲಿ. ಸಂವಿಧಾನದ 372ನೇ ವಿಧಿ ಹಳೇ ಕಾನೂನುಗಳನ್ನು ಮುಂದುವರಿಸಿತು. 1872ರ ಕರಾರು ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ ಹಾಗೆ ಉಳಿದವು. ಮೊದಲು ಸರಕು ಮಾರಾಟ, ಪಾಲುದಾರಿಕೆ ಎರಡೂ ಕರಾರು ಕಾಯ್ದೆಯೊಳಗೇ ಇದ್ದವು. ಆಮೇಲೆ ಬೇರೆ ಮನೆ ಮಾಡಿದವು. 75ನೇ ಸೆಕ್ಷನ್ ಆದ ಮೇಲೆ ಒಮ್ಮೆಲೇ 124 ಬರುವುದು ಇದೇ ಕಾರಣಕ್ಕೆ.

ನಿಯಮ, ಅಧಿಸೂಚನೆ, ಸುತ್ತೋಲೆ

ವ್ಯಾಪಾರಿಯ ದಿನನಿತ್ಯದ ಕಾನೂನು ನಿಜವಾಗಿ ಇರುವುದು ಇಲ್ಲಿ. ಕಾಯ್ದೆ ಚೌಕಟ್ಟು ಹಾಕುತ್ತದೆ. ಯಾವ ಫಾರಂ, ಯಾವ ದಿನಾಂಕ, ಎಷ್ಟು ಶುಲ್ಕ ಎಂಬುದನ್ನು ನಿಯಮಗಳು ಹೇಳುತ್ತವೆ. ಷೇರು ಪೇಟೆಯನ್ನು ನೋಡಿಕೊಳ್ಳುವ ಸೆಬಿ, ರಿಸರ್ವ್ ಬ್ಯಾಂಕ್ ತಮ್ಮ ಕ್ಷೇತ್ರದಲ್ಲಿ ರೆಗ್ಯುಲೇಶನ್ (ನಿಯಮಾವಳಿ) ಮಾಡುತ್ತವೆ. ಇವೆಲ್ಲ ಕಾಯ್ದೆಯಿಂದ ಎರವಲು ಪಡೆದ ಅಧಿಕಾರ. ಎರವಲು ಕೊಟ್ಟಷ್ಟೇ ಬಳಸಬೇಕು.

ಸುತ್ತೋಲೆಯ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ತೆರಿಗೆ ಇಲಾಖೆ ಒಂದು ಸೆಕ್ಷನ್‌ಗೆ ಅರ್ಥ ಹೇಳಿ ಸುತ್ತೋಲೆ ಹೊರಡಿಸುತ್ತದೆ ಎಂದುಕೊಳ್ಳಿ. ಅದು ಇಲಾಖೆಯ ಅಧಿಕಾರಿಗಳನ್ನು ಕಟ್ಟಿಹಾಕಬಹುದು. ಕೋರ್ಟನ್ನು ಕಟ್ಟಿಹಾಕುವುದಿಲ್ಲ. ಕಾಯ್ದೆಗೆ ವಿರುದ್ಧವಾದ ಸುತ್ತೋಲೆಗೆ ಕಾನೂನಿನಲ್ಲಿ ಅಸ್ತಿತ್ವವೇ ಇಲ್ಲ ಎಂದು 2008ರಲ್ಲಿ ರತನ್ ಮೆಲ್ಟಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಹಾಗೆಂದು ಸುತ್ತೋಲೆ ಬಂದ ಕೂಡಲೇ ‘ಇದು ನಡೆಯಲ್ಲ’ ಎಂದು ಸುಮ್ನೆ ಮೂಲೆಗೆ ಎಸೆಯುವುದೂ ತಪ್ಪು. ಮೇಲಿನ ಕಾಯ್ದೆ ತೆರೆದು, ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ಕೋರ್ಟು ಹೇಳಿದ್ದೂ ಕಾನೂನು

ಕಾಯ್ದೆಯ ಪದಗಳು ಎಲ್ಲವನ್ನೂ ಮೊದಲೇ ಊಹಿಸಲಾರವು. ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಕರಾರು ಮಾಡುವವರು ಪ್ರಾಪ್ತ ವಯಸ್ಕರಾಗಿರಬೇಕು. ಅಪ್ರಾಪ್ತರು ಮಾಡಿದರೆ ಏನಾಗುತ್ತದೆ ಎಂದು ಕಾಯ್ದೆ ಬಿಡಿಸಿ ಹೇಳಲಿಲ್ಲ. ಅಂಥ ಕರಾರು ಹುಟ್ಟಿನಿಂದಲೇ ಶೂನ್ಯವೋ, ಬೇಡವೆಂದಾಗ ರದ್ದು ಮಾಡಿಕೊಳ್ಳಬಹುದಾದದ್ದೋ? ಕಲ್ಕತ್ತಾದ ಧರ್ಮದಾಸ್ ಘೋಷ್ ಅಪ್ರಾಪ್ತನಾಗಿದ್ದಾಗ ಆಸ್ತಿ ಅಡವಿಟ್ಟು 20,000 ರೂಪಾಯಿ ಸಾಲಕ್ಕೆ ಪತ್ರ ಬರೆದುಕೊಟ್ಟಿದ್ದ. ಸಾಲ ಕೊಟ್ಟವರ ಏಜೆಂಟನಿಗೆ ಅವನ ವಯಸ್ಸು ಗೊತ್ತಿತ್ತು. 1903ರಲ್ಲಿ, ಆಗ ನಮ್ಮ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ಉತ್ತರ ಕೊಟ್ಟಿತು: ಅದು ಹುಟ್ಟಿನಿಂದಲೇ ಶೂನ್ಯ. 120 ವರ್ಷ ದಾಟಿದರೂ ಇಂದಿಗೂ ಅದೇ ಕಾನೂನು. 17 ವರ್ಷದ ಹುಡುಗ ಸಹಿ ಹಾಕಿದ ಬ್ಯಾಂಕ್ ಸಾಲದ ಪತ್ರಕ್ಕೆ ಬೆಲೆ ಇಲ್ಲದಿರುವುದು ಇದರಿಂದಲೇ.

ಹೀಗೆ ಹಿಂದಿನ ತೀರ್ಪು ಮುಂದಿನದಕ್ಕೆ ದಾರಿಯಾಗುವುದಕ್ಕೆ ಪೂರ್ವನಿದರ್ಶನ ಎನ್ನುತ್ತಾರೆ. 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ಕೋರ್ಟುಗಳನ್ನೂ ಬಂಧಿಸುತ್ತದೆ. ಕರ್ನಾಟಕ ಹೈಕೋರ್ಟಿನ ತೀರ್ಪು ರಾಜ್ಯದ ಕೆಳಗಿನ ಕೋರ್ಟುಗಳನ್ನು ಬಂಧಿಸುತ್ತದೆ. ಬಾಂಬೆ ಹೈಕೋರ್ಟಿನ ತೀರ್ಪನ್ನು ಬೆಂಗಳೂರಿನಲ್ಲಿ ಗೌರವದಿಂದ ಕೇಳುತ್ತಾರೆ, ಒಪ್ಪಲೇಬೇಕೆಂದಿಲ್ಲ. ತೀರ್ಪಿನ ಪ್ರತಿ ಸಾಲಿಗೂ ಒಂದೇ ಬಲ ಇರುವುದಿಲ್ಲ. ಪ್ರಕರಣ ಬಗೆಹರಿಸಲು ಅಗತ್ಯವಾದ ಕಾರಣವೇ ಮುಂದಕ್ಕೆ ಬಂಧಿಸುವ ಭಾಗ. ನ್ಯಾಯಮೂರ್ತಿಗಳು ಮಾತಿನ ನಡುವೆ ಹೇಳಿದ ಇತರ ವಿಚಾರಗಳು ತೂಕದವು, ಆದರೆ ಅದೇ ಬಲದವಲ್ಲ. ವಾಟ್ಸಾಪಿನಲ್ಲಿ ಓಡಾಡುವ ‘ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ’ ಎಂಬ ಎಷ್ಟೋ ಸಾಲುಗಳು ಇಂಥ ನಡುವಿನ ಮಾತುಗಳೇ.

ಕೋರ್ಟು ಹೇಳಿದ ಅರ್ಥ ಶಾಸಕಾಂಗಕ್ಕೆ ಒಪ್ಪಿಗೆಯಾಗದಿದ್ದರೆ ಅದು ಕಾಯ್ದೆಯನ್ನು ತಿದ್ದಬಹುದು. ವೊಡಾಫೋನ್ ಪ್ರಕರಣ ಇದಕ್ಕೆ ದೊಡ್ಡ ಸಾಕ್ಷಿ. 2007ರಲ್ಲಿ ವೊಡಾಫೋನ್ ಕೇಮನ್ ದ್ವೀಪದ ಒಂದು ಕಂಪನಿಯ ಷೇರು ಕೊಂಡು, ಆ ಮೂಲಕ ಭಾರತದ ಹಚಿಸನ್ ಮೊಬೈಲ್ ವ್ಯವಹಾರದ ಹಿಡಿತ ಪಡೆಯಿತು. ತೆರಿಗೆ ಇಲಾಖೆ ತೆರಿಗೆ ಕೇಳಿತು. ವಿದೇಶದಲ್ಲಿ ನಡೆದ ಈ ಮಾರಾಟಕ್ಕೆ ಇಲ್ಲಿ ತೆರಿಗೆ ಇಲ್ಲ ಎಂದು 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಸಂಸತ್ತು ಆದಾಯ ತೆರಿಗೆ ಕಾಯ್ದೆಯನ್ನು 1962ರಿಂದಲೇ ಅನ್ವಯವಾಗುವಂತೆ ತಿದ್ದಿತು. 2021ರಲ್ಲಿ ಇನ್ನೊಂದು ಕಾಯ್ದೆ ತಂದು ಹಳೇ ವ್ಯವಹಾರಗಳ ಮೇಲಿನ ಆ ಬೇಡಿಕೆಯನ್ನು ಕೈಬಿಟ್ಟಿತು. ಹಿಂದಿನ ತಾರೀಖಿನಿಂದ ತೆರಿಗೆ ಹಾಕುವ ಅಧಿಕಾರ ಸಂಸತ್ತಿಗೆ ಇದೆ. ಆದರೆ ಹಾಗೆ ಮಾಡುವುದು ವ್ಯಾಪಾರದ ನಂಬಿಕೆಗೆ ಕೊಡಲಿ ಏಟು ಎಂದೇ ನಾನು ತಿಳಿದಿದ್ದೇನೆ. ಯಾರಾದರೂ ಲೆಕ್ಕ ಹಾಕುವುದು ಆ ದಿನ ಇದ್ದ ಕಾನೂನು ನೋಡಿಯೇ ಅಲ್ವಾ?

ರೂಢಿಯ ಬಗ್ಗೆ ಚಿಕ್ಕದಾಗಿ ಹೇಳಬಹುದು. ಅದರ ಜಾಗವನ್ನು ಬಹುಮಟ್ಟಿಗೆ ಕಾಯ್ದೆಗಳು ತೆಗೆದುಕೊಂಡಿವೆ. ಆದರೂ ಕರಾರು ಕಾಯ್ದೆ ತನ್ನ ಮೊದಲ ಸೆಕ್ಷನ್‌ನಲ್ಲೇ, ತನಗೆ ವಿರುದ್ಧವಲ್ಲದ ವ್ಯಾಪಾರದ ರೂಢಿಗಳನ್ನು ಉಳಿಸಿದೆ. ಹಣ ಕಳಿಸಲು, ಸಾಲಕ್ಕೆ ನಮ್ಮ ವ್ಯಾಪಾರಿಗಳು ಬರೆದುಕೊಡುತ್ತಿದ್ದ ಹುಂಡಿ ಪತ್ರಗಳು ಒಳ್ಳೆಯ ಉದಾಹರಣೆ. ದೇಶಭಾಷೆಗಳಲ್ಲಿ ಬರೆದ ಹುಂಡಿಗಳಿಗೆ ಸ್ಥಳೀಯ ರೂಢಿಯೇ ಅನ್ವಯ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಬಿಟ್ಟುಕೊಟ್ಟಿತು. ಪೇಟೆಯ ಸಾಹುಕಾರರ ಪದ್ಧತಿಯನ್ನು ಕಾನೂನು ಒಪ್ಪಿಕೊಂಡ ರೀತಿ ಅದು.

ನೀವೇ ಬರೆದುಕೊಳ್ಳುವ ಕಾನೂನು

ಸರಪಳಿಯ ಕೊನೆಯ ಕೊಂಡಿ ಕರಾರು. ಇಬ್ಬರು ಒಪ್ಪಿ ಬರೆದುಕೊಂಡದ್ದು ಅವರಿಬ್ಬರ ನಡುವೆ ಕಾನೂನಿನಂತೆ ನಡೆಯುತ್ತದೆ. ಕರಾರು ಕಾಯ್ದೆಯ 10ನೇ ಸೆಕ್ಷನ್ ಕೇಳುವುದು ಇಷ್ಟು: ಮುಕ್ತ ಒಪ್ಪಿಗೆ, ಅರ್ಹರಾದ ಪಕ್ಷಗಳು, ಕಾನೂನುಬದ್ಧ ಪ್ರತಿಫಲ (ಮಾತಿಗೆ ಬದಲಾಗಿ ಸಿಗುವುದು) ಮತ್ತು ಉದ್ದೇಶ. ಜೊತೆಗೆ ಅದು ಶೂನ್ಯವೆಂದು ಕಾಯ್ದೆ ಎಲ್ಲೂ ಹೇಳಿರಬಾರದು. ಬೆದರಿಸಿ ಅಥವಾ ವಂಚಿಸಿ ಒಪ್ಪಿಗೆ ಪಡೆದಿದ್ದರೆ ಕರಾರು ತಾನಾಗಿ ಸಾಯುವುದಿಲ್ಲ. ಮೋಸ ಹೋದವರು ಬೇಕಾದರೆ ರದ್ದು ಮಾಡಿಕೊಳ್ಳಬಹುದು, ಬೇಕಾದರೆ ಮುಂದುವರಿಸಬಹುದು.

ಈಗ ಓದು ಮುಗಿಸಿ ಕೆಲಸಕ್ಕೆ ಸೇರುವವರಿಗೆ ಎದುರಾಗುವ ಕಾಗದ ನೋಡೋಣ. ಎರಡು ಮೂರು ವರ್ಷ ಕೆಲಸ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಲಕ್ಷ ಕಟ್ಟಬೇಕು ಎಂಬ ಬಾಂಡ್. ‘ಅದೆಲ್ಲ ಕೋರ್ಟಿನಲ್ಲಿ ನಿಲ್ಲಲ್ಲ, ಸುಮ್ನೆ ಸಹಿ ಹಾಕು’ ಎಂದು ಸೀನಿಯರ್‌ಗಳು ಹೇಳುತ್ತಾರೆ. ಈ ಸಲಹೆ ಅಪಾಯದ್ದು.

ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕ್ ಎಲ್ಲರಿಗೂ ಗೊತ್ತು. ಅಲ್ಲಿ 2007ರಲ್ಲಿ ಹುದ್ದೆಗೆ ಸೇರಿದ ಒಬ್ಬ ಅಧಿಕಾರಿ, 3 ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕೊಡುತ್ತೇನೆಂದು ಬಾಂಡ್ ಬರೆದುಕೊಟ್ಟಿದ್ದರು. 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟು, ಪ್ರತಿಭಟನೆ ದಾಖಲಿಸಿ ಹಣ ಕಟ್ಟಿ, ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಬ್ಯಾಂಕ್ ಗೆದ್ದಿತು.

ಇಲ್ಲಿ ಈವರೆಗೆ ಹೇಳಿದ ಮೂಲಗಳಲ್ಲಿ ಹಲವು ಒಂದೇ ಕಡೆ ಸೇರುತ್ತವೆ. ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಉದ್ಯೋಗ, ವ್ಯಾಪಾರ ಮಾಡದಂತೆ ತಡೆಯುವ ಒಪ್ಪಂದ ಶೂನ್ಯ. ಆದರೆ ಆ ಸೆಕ್ಷನ್ ಎಲ್ಲಿಯವರೆಗೆ ಹೋಗುತ್ತದೆ ಎಂದು ಹೇಳಿದ್ದು ತೀರ್ಪುಗಳು. ಕೆಲಸದಲ್ಲಿರುವಾಗ ಹಾಕುವ ನಿರ್ಬಂಧ ಬೇರೆ, ಬಿಟ್ಟ ಮೇಲೆ ಹಾಕುವುದು ಬೇರೆ ಎಂಬ ಗೆರೆಯನ್ನು 1967ರ ಗೋಲಿಕಾರಿ ಪ್ರಕರಣ ಎಳೆದಿತ್ತು. ವಿಜಯಾ ಬ್ಯಾಂಕಿನ ಷರತ್ತು ಸೇವೆಯ ಅವಧಿಗೆ ಮಾತ್ರ ಸೇರಿದ್ದು, ಬೇರೆ ಕಡೆ ಕೆಲಸ ಮಾಡದಂತೆ ಅದು ತಡೆಯುವುದಿಲ್ಲ ಎಂದು ಕೋರ್ಟು ಹೇಳಿತು. ಬ್ಯಾಂಕು ಸಾರ್ವಜನಿಕ ವಲಯದ್ದಾದ್ದರಿಂದ ಸಂವಿಧಾನವೂ ಬಂತು. ಸರ್ಕಾರಿ ಬ್ಯಾಂಕು ಬೇಕಾದವರನ್ನು ಕರೆದು ಕೂರಿಸುವಂತಿಲ್ಲ. 14 ಮತ್ತು 16ನೇ ವಿಧಿಗೆ ತಕ್ಕಂತೆ ಮುಕ್ತವಾಗಿ ಅರ್ಜಿ ಕರೆದು ಆಯ್ಕೆ ಮಾಡಬೇಕು. ಅದಕ್ಕೆ ಸಮಯ, ಹಣ ಹೋಗುತ್ತದೆ. ಹಾಗಾಗಿ ಅವಧಿಗೆ ಮೊದಲು ಬಿಟ್ಟವರು 2 ಲಕ್ಷ ಕೊಡುವುದು ಅನ್ಯಾಯ ಅಲ್ಲ ಎಂದಿತು. ಆ ಹಿರಿಯ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಮೊತ್ತವೂ ಅತಿಯಲ್ಲ ಎಂದಿತು.

ಖಾಸಗಿ ಕಂಪನಿಯ ಬಾಂಡ್‌ಗೆ ಈ ತೀರ್ಪನ್ನು ಹಾಗೆಯೇ ತಂದು ಅಂಟಿಸಲಾಗದು. ಅಲ್ಲಿ ನೇಮಕದ ಖರ್ಚು, ತರಬೇತಿಯ ಖರ್ಚು ಬೇರೆ ಇರುತ್ತದೆ. 74ನೇ ಸೆಕ್ಷನ್ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರವನ್ನಷ್ಟೇ ಕೋರ್ಟು ಕೊಡಿಸುತ್ತದೆ. 15,000 ರೂಪಾಯಿ ಸಂಬಳದ ಹೊಸಬರ ಮೇಲೆ 5 ಲಕ್ಷದ ಬಾಂಡ್ ಹೇರಿದವರು ಅಷ್ಟು ಖರ್ಚು ಎಲ್ಲಿ ಆಯಿತೆಂದು ಹೇಳಬೇಕಾಗುತ್ತದೆ. ಆದರೂ ಹೆದರಿ ಹಣ ಕಟ್ಟುವ ಮಕ್ಕಳು ಎಷ್ಟೋ ಮಂದಿ. ‘ಕೆಲಸ ಬಿಟ್ಟ ಮೇಲೂ 2 ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು’ ಎಂದು ಬರೆದಿದ್ದರೆ ಅದು 27ನೇ ಸೆಕ್ಷನ್‌ಗೆ ನೇರವಾಗಿ ಸಿಗುತ್ತದೆ. ಕಂಪನಿಯ ಗುಟ್ಟುಗಳನ್ನು ಹೊರಗೆ ಕೊಡಬಾರದು ಎಂಬ ಷರತ್ತು ಬೇರೆ ವಿಷಯ, ಅದನ್ನು ಪಾಲಿಸಬೇಕು. ಸಹಿ ಹಾಕುವ ಮೊದಲು ಈ ಮೂರನ್ನೂ ಬೇರೆ ಬೇರೆ ಮಾಡಿ ಓದಿ. ಪ್ರತಿಯೊಂದು ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಿ.

ಮೂಲ ಪಠ್ಯ ಓದಲು ದುಡ್ಡು ಬೇಕಿಲ್ಲ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿವೆ. ಅಧಿಸೂಚನೆಗಳು ಇ-ಗೆಜೆಟ್‌ನಲ್ಲಿ ಸಿಗುತ್ತವೆ. ಕರ್ನಾಟಕದ ಕಾಯ್ದೆಗಳನ್ನು ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಕನ್ನಡದಲ್ಲೇ ಓದಬಹುದು. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟಿನ ಕಲಾಪ ಮಾತ್ರ 348ನೇ ವಿಧಿಯಿಂದಾಗಿ ಇನ್ನೂ ಮುಖ್ಯವಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ. ಹಾಗಾಗಿ ಮೊದಲು ಕನ್ನಡದಲ್ಲಿ ಓದಿ ವಿಷಯ ಹಿಡಿಯಿರಿ. ಆಮೇಲೆ ಇಂಗ್ಲಿಷ್ ಪಠ್ಯ ಪಕ್ಕಕ್ಕಿಟ್ಟು ಪದಪದವಾಗಿ ನೋಡಿ. ಕರಾರು ಕಾಯ್ದೆಯಿಂದ ಶುರು ಮಾಡುವುದು ಒಳ್ಳೆಯದು. ಅದರ ಬಹಳಷ್ಟು ಸೆಕ್ಷನ್‌ಗಳ ಕೆಳಗೆ ಎ, ಬಿ ಎಂಬ ಹೆಸರಿನ ವ್ಯಾಪಾರಿಗಳ ಪುಟ್ಟ ಪುಟ್ಟ ಉದಾಹರಣೆಗಳಿವೆ. ಅವು ಕಾಯ್ದೆಯದೇ ಭಾಗ, ಗೈಡ್‌ಗಿಂತ ಚೆನ್ನಾಗಿ ಅರ್ಥವಾಗುತ್ತವೆ.